ಒಂಟಿ ಕಾಲಿನಲ್ಲಿ ಎಷ್ಟು ಹೊತ್ತು ನಿಲ್ಲಬಲ್ಲಿರಿ?

ಹಗಲು ಹೊತ್ತು ತಲೆಯ ಮೇಲೆ ಹುಲ್ಲಿನ ಹೊರೆ ಇದ್ದರೂ ನಾವು ಹೊಲದ ಬದುವಿನ ಮೇಲೆ ಬೀಳದೆ ನಡೆಯುತ್ತೇವೆ. ಅದೇ ಬದುವಿನ ಮೇಲೆ ಅಮಾವಾಸ್ಯೆಯ ರಾತ್ರಿ ಪಂಪ್‌ಸೆಟ್ ಹಾಕಲು ಹೋದರೆ ಕಾಲು ತಡವರಿಸುತ್ತದೆ. ಬದು ಅದೇ, ಕಾಲುಗಳೂ ಅವೇ. ಹಾಗಾದರೆ ಕಡಿಮೆಯಾದದ್ದು ಏನು? ರಜೆಯ ದಿನ ಮಕ್ಕಳಿಂದ ಈ ಪ್ರಯೋಗ ಮಾಡಿಸಿ ನೋಡೋಣ.

ಮಾಡುವ ವಿಧಾನ:

1. ಸಮವಾದ ಅಂಗಳದಲ್ಲಿ ಮಗು ಕೈಕಟ್ಟಿ ಒಂಟಿ ಕಾಲಿನಲ್ಲಿ ನಿಲ್ಲಲಿ. ಇನ್ನೊಂದು ಕಾಲು ನೆಲ ಮುಟ್ಟುವವರೆಗೆ ಎಣಿಸಿ ಬರೆದಿಡಿ.

2. ಈಗ ಕಣ್ಣು ಮುಚ್ಚಿ ನಿಲ್ಲಲಿ. ಮತ್ತೆ ಎಣಿಸಿ.

3. ಗೋಣಿ ಚೀಲವನ್ನು ನಾಲ್ಕು ಮಡಿಕೆ ಮಾಡಿ, ಅದರ ಮೇಲೆ ಕಣ್ಣು ಮುಚ್ಚಿ ನಿಲ್ಲಲಿ.

ದೊಡ್ಡವರೊಬ್ಬರು ಪಕ್ಕದಲ್ಲೇ ಇರಬೇಕು. ಬಾವಿಯ ಹತ್ತಿರ, ಮಾಳಿಗೆಯ ಮೇಲೆ ಬೇಡ. ವಯಸ್ಸಾದವರಿಂದ ಇದನ್ನು ಮಾಡಿಸಬಾರದು.

ಸಾಮಾನ್ಯವಾಗಿ ಎಣಿಕೆ ಪ್ರತಿ ಸಲ ಇಳಿಯುತ್ತದೆ. ಏಕೆಂದರೆ ನಮ್ಮ ಮೆದುಳಿಗೆ ಸಮತೋಲದ ಸುದ್ದಿ ಮೂರು ಕಡೆಯಿಂದ ಬರುತ್ತದೆ: ಕಣ್ಣು, ಒಳಗಿವಿ, ಮತ್ತು ಪಾದ-ಕೀಲು-ಸ್ನಾಯುಗಳು. ಕಣ್ಣು ಮುಚ್ಚಿದಾಗ ಒಂದು ಸುದ್ದಿ ನಿಂತಿತು. ಮೆತ್ತನೆಯ ಗೋಣಿಯ ಮೇಲೆ ಪಾದದ ಸುದ್ದಿಯೂ ಮಸುಕಾಯಿತು.

ಒಳಗಿವಿಯ ಕೆಲಸ ತಿಳಿಯಲು ಬೋಗುಣಿಯಲ್ಲಿ ನೀರು ಹಾಕಿ ಚಿಟಿಕೆ ಹೊಟ್ಟು ಉದುರಿಸಿ. ಬೋಗುಣಿಯನ್ನು ಕೆಲವು ಸುತ್ತು ತಿರುಗಿಸಿ ತಟ್ಟನೆ ನಿಲ್ಲಿಸಿ. ಹೊಟ್ಟು ಇನ್ನೂ ಸುತ್ತುತ್ತಿರುತ್ತದೆ! ಪ್ರತಿ ಕಿವಿಯೊಳಗೆ ದ್ರವ ತುಂಬಿದ 3 ಅರೆವೃತ್ತ ನಾಳಗಳಿವೆ. ಎಮ್ಮಿಗನೂರಿನ ಜಾತ್ರೆಯಲ್ಲಿ ಸುತ್ತುವ ಮರದ ಕುದುರೆಯಿಂದ ಇಳಿದ ಮಗುವಿಗೆ ನೆಲವೇ ತಿರುಗಿದಂತೆ ಆಗುವುದು ಆ ದ್ರವ ಕೂಡಲೇ ನಿಲ್ಲದ ಕಾರಣ. ಈ ಅಂಗದ ಅಧ್ಯಯನಕ್ಕಾಗಿ ರಾಬರ್ಟ್ ಬಾರಾನಿ ಎಂಬ ವೈದ್ಯರಿಗೆ 1914ರ ನೊಬೆಲ್ ಬಹುಮಾನ ದೊರೆಯಿತು.

ಇದರಿಂದ ನಮಗೇನು ಪಾಠ? ಮನೆಯ ಅಜ್ಜ-ಅಜ್ಜಿಯರಿಗೆ ಕಣ್ಣಿನ ಪೊರೆ ಬಂದಿರಬಹುದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿರಬಹುದು. ಅಂಥವರು ರಾತ್ರಿ ದೀಪವಿಲ್ಲದೆ ಎದ್ದರೆ, ಕಣ್ಣು ಮುಚ್ಚಿ ಗೋಣಿಯ ಮೇಲೆ ನಿಂತ ಮಗುವಿನ ಸ್ಥಿತಿಯೇ ಅವರದು. ಮಗು ಕಾಲೂರಿ ನಗುತ್ತದೆ. ಹಿರಿಯರು ಬಿದ್ದರೆ ಸೊಂಟದ ಬಳಿ ಮೂಳೆ ಮುರಿದು ಹಾಸಿಗೆ ಹಿಡಿಯಬಹುದು.

ಆದ್ದರಿಂದ ಹೀಗೆ ಮಾಡೋಣ:

* ಹಿರಿಯರು ಮಲಗುವಲ್ಲಿಂದ ಬಚ್ಚಲಿನವರೆಗೆ ರಾತ್ರಿ ಸಣ್ಣ ದೀಪವಿರಲಿ. ಕೈಗೆ ಸಿಗುವಂತೆ ಕೋಲು ಇಡಿ.

* ಎದ್ದ ಕೂಡಲೇ ನಡೆಯದೆ ಹಾಸಿಗೆಯಲ್ಲೇ ಸ್ವಲ್ಪ ಹೊತ್ತು ಕೂರಲಿ.

* ತುಂಗಭದ್ರಾ ಕಾಲುವೆಯ ದಂಡೆಯ ಮೇಲೆ, ಬಾವಿಯ ಬಳಿ ಕತ್ತಲಲ್ಲಿ ಹೋಗುವವರು ಟಾರ್ಚ್ ಮರೆಯಬಾರದು.

* ಸ್ಟ್ರೆಪ್ಟೊಮೈಸಿನ್‌ನಂಥ ಕೆಲವು ಚುಚ್ಚುಮದ್ದು ಒಳಗಿವಿಗೆ ಹಾನಿ ಮಾಡಬಲ್ಲವು. ಔಷಧಿ ನಡೆಯುವಾಗ ತಲೆಸುತ್ತು, ಕಿವಿಯಲ್ಲಿ ಮೊರೆತ ಕಂಡರೆ ತಡಮಾಡದೆ ವೈದ್ಯರಿಗೆ ಹೇಳಿ.

ಎಣಿಕೆ ಬರೆದ ಮಕ್ಕಳಿಗೇ ಅಜ್ಜಿಯ ರಾತ್ರಿ ದೀಪ ಹಚ್ಚುವ ಕೆಲಸ ಒಪ್ಪಿಸಿ. ಅದು ಏಕೆ ಬೇಕೆಂದು ಅವರಿಗೆ ಈಗ ಗೊತ್ತು.