ತಲಪಾಡಿ ದಾಟುವ ಮುನ್ನ

ಬೆಳೆ ಮಾರಿ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ರಾಯಚೂರು ಕಡೆಯ ಗುಂಜಹಳ್ಳಿಯಂಥ ಊರುಗಳಲ್ಲಿ ಪ್ರವಾಸಕ್ಕೆ ಕ್ರೂಸರ್ ಗಾಡಿ ಮಾತಾಡುವುದು ಶುರುವಾಗುತ್ತದೆ. ಧರ್ಮಸ್ಥಳ, ಕುಕ್ಕೆ ಹೇಗೂ ಇದ್ದದ್ದೇ. ಅಷ್ಟು ದೂರ ಹೋದವರು ಇನ್ನೊಂದಿಷ್ಟು ಮುಂದಕ್ಕೆ ಹೋದರೆ ಕಾಸರಗೋಡು: ಮಧೂರಿನ ಗಣಪತಿ, ಕುಂಬಳೆ ಸಮೀಪದ ಅನಂತಪುರದ ಕೆರೆ ನಡುವಿನ ಗುಡಿ, ಕೆಳದಿಯ ಶಿವಪ್ಪ ನಾಯಕನ ಕಾಲದ ಬೇಕಲ ಕೋಟೆ, ಅದರ ಬುಡಕ್ಕೇ ಬಡಿಯುವ ಸಮುದ್ರ. ಆದರೆ ಮಾತು ಅಲ್ಲಿಗೆ ಬಂದಾಗ ಯಾರಾದರೊಬ್ಬರು ಎಳೆಯುತ್ತಾರೆ: "ಅದು ಕೇರಳ ರೀ. ಏನರ ಆದ್ರ ಆ ಮಂದಿ ಜೋಡಿ ಏನಂತ ಮಾತಾಡಾದು?" ತುಂಗಭದ್ರೆ ದಾಟಿ ಆಂಧ್ರದ ಮಂತ್ರಾಲಯಕ್ಕೆ ಹೋಗುವಾಗ ಈ ಅಂಜಿಕೆ ಯಾರಿಗೂ ಇರುವುದಿಲ್ಲ. ತೆಲುಗು ನಮ್ಮ ಸಂತೆಯ ಭಾಷೆ, ಮಲಯಾಳ ಅಲ್ಲ. ಅಷ್ಟೇ ವ್ಯತ್ಯಾಸ.

ರಾಯಚೂರಿಗೂ ಕಾಸರಗೋಡಿಗೂ ಒಂದು ವಿಚಿತ್ರ ನಂಟಿದೆ. 1956ರ ನವೆಂಬರ್ 1ರಂದು ರಾಜ್ಯ ಪುನರ್‌ವಿಂಗಡಣೆ ಕಾಯ್ದೆ ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮನ್ನು ಮೈಸೂರಿಗೆ ಸೇರಿಸಿತು. ಅದೇ ದಿನ, ಅದೇ ಕಾಯ್ದೆ ಮದರಾಸು ರಾಜ್ಯದ ದಕ್ಷಿಣ ಕನ್ನಡದಲ್ಲಿದ್ದ ಕಾಸರಗೋಡನ್ನು ಕೇರಳಕ್ಕೆ ಕೊಟ್ಟಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಅದು ಜಾರಿಯಾಗಲಿಲ್ಲ. ಆದರೂ ಅಲ್ಲಿ ಕನ್ನಡ ಇಂದಿಗೂ ಮನೆಯ, ಶಾಲೆಯ, ಅಂಗಡಿಯ ಭಾಷೆ.

ಇದು ಬರೀ ಇತಿಹಾಸವಲ್ಲ, ಪ್ರಯಾಣಿಕನಿಗೆ ಉಪಯೋಗಕ್ಕೆ ಬರುವ ಸಂಗತಿ. ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಎನ್ನುತ್ತದೆ ಸಂವಿಧಾನದ 350ನೇ ವಿಧಿ. ಕಾಸರಗೋಡಿನ ಕಚೇರಿಯಲ್ಲಿ ಕನ್ನಡದ ಅರ್ಜಿಯನ್ನು 'ಮಲಯಾಳದಲ್ಲಿ ಬರೆದು ತಾ' ಎಂದು ಹಿಂತಿರುಗಿಸಿದರೆ ಈ ವಿಧಿಯ ಸಂಖ್ಯೆಯನ್ನು ಮೆಲ್ಲಗೆ ನೆನಪಿಸಿ. ಉತ್ತರವೂ ಕನ್ನಡದಲ್ಲೇ ಬರಬೇಕೆಂದು ಮಾತ್ರ ಈ ವಿಧಿ ಹೇಳುವುದಿಲ್ಲ. ಅದೊಂದು ಕೊರತೆಯೆಂದೇ ನನ್ನ ಅಭಿಪ್ರಾಯ.

ಇನ್ನು ಹೊರಡುವ ತಯಾರಿ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳು ಮಂಗಳೂರಿನವರೆಗೆ ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ಪುಕ್ಕಟೆ ಹೋಗಬಹುದು. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸುಗಳಿಗೆ ಅದು ನಡೆಯುವುದಿಲ್ಲ, ತಲಪಾಡಿಯ ಗಡಿ ದಾಟುವ ಅಂತಾರಾಜ್ಯ ಬಸ್ಸಿಗೂ ಇಲ್ಲ. ಮಂಗಳೂರಿನಿಂದ ಮುಂದಿನ ಸುಮಾರು 50 ಕಿ.ಮೀ.ಗೆ ಟಿಕೆಟ್ ತೆಗೆದುಕೊಳ್ಳಿ, ಕಂಡಕ್ಟರ್ ಜೊತೆ ಜಗಳ ಬೇಡ.

ಕ್ರೂಸರ್ ಗೊತ್ತು ಮಾಡುವುದಾದರೆ ಮೊದಲು ನಂಬರ್ ಪ್ಲೇಟಿನ ಬಣ್ಣ ನೋಡಿ. ಪರಿಚಯದವರದೆಂದು ಬಿಳಿ ಬೋರ್ಡಿನ ಗಾಡಿಗೆ ಬಾಡಿಗೆ ಕೊಟ್ಟು ಹತ್ತುವುದು ನಮ್ಮ ಕಡೆ ಮಾಮೂಲು. ಅದು ನಿಯಮಬಾಹಿರ. ಅಪಘಾತವಾದರೆ 'ಖಾಸಗಿ ಗಾಡಿಯನ್ನು ಬಾಡಿಗೆಗೆ ಓಡಿಸಿದ್ದೀರಿ' ಎಂದು ವಿಮಾ ಕಂಪನಿ ತಕರಾರು ತೆಗೆಯಲು ದಾರಿ ಮಾಡಿಕೊಟ್ಟಂತೆ. ಹಳದಿ ಬೋರ್ಡಿನ ಗಾಡಿಗೂ ಕೇರಳಕ್ಕೆ ಹೋಗುವ ಪರ್ಮಿಟ್ ಇದೆಯೇ ಎಂದು ಹೊರಡುವ ಹಿಂದಿನ ದಿನವೇ ಕೇಳಿ. ಲೈಸೆನ್ಸ್, ಆರ್‌ಸಿ, ವಿಮೆ ಡಿಜಿಲಾಕರ್‌ನಲ್ಲಿದ್ದರೆ ಸಾಕು, ಮೂಲ ಪ್ರತಿ ಇಲ್ಲವೆಂದು ದಂಡ ಹಾಕುವಂತಿಲ್ಲ.

ಅಪಘಾತದ ಮಾತು ಬಂದಿತು, ಹೇಳಿಯೇ ಬಿಡುತ್ತೇನೆ. ಘಟನೆ ಬೇಕಲದಲ್ಲಿ ನಡೆದರೂ ಪರಿಹಾರದ ಅರ್ಜಿಯನ್ನು ರಾಯಚೂರಿನ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಹಾಕಬಹುದು. ಅರ್ಜಿದಾರ ವಾಸಿಸುವ ಊರಿನ ನ್ಯಾಯಮಂಡಳಿಗೂ ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಆ ಅಧಿಕಾರ ಕೊಟ್ಟಿದೆ. ಕಾಯ್ದೆಯಲ್ಲಿರುವ ಗಡುವು 6 ತಿಂಗಳು. ಗುದ್ದಿದ ಗಾಡಿ ನಿಲ್ಲದೆ ಓಡಿಹೋಗಿ ಪತ್ತೆಯೇ ಆಗದಿದ್ದರೆ ಮಾತ್ರ ಲೆಕ್ಕ ಬೇರೆ. ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಕೊಡುವ, ಇಂಥ ಪ್ರಕರಣಗಳ ಪರಿಹಾರ ಯೋಜನೆಯ ಅರ್ಜಿಯನ್ನು ಘಟನೆ ನಡೆದ ತಾಲ್ಲೂಕಿನಲ್ಲೇ ಸಲ್ಲಿಸಬೇಕು.

ಜನ ಸುಮ್ಮನೆ ನುಂಗಿಕೊಳ್ಳುವ ನಷ್ಟ ಲಾಡ್ಜಿನದು. ಫೋಟೋದಲ್ಲಿ ಸಮುದ್ರ, ಹೋಗಿ ನೋಡಿದರೆ ಗೋಡೆ. ಮುಂಗಡ ಕೊಟ್ಟ ರೂಮು ಬೇರೆಯವರ ಪಾಲು. 'ಕೇರಳದಾಗ ಕೋರ್ಟಿಗೆ ಯಾರು ತಿರುಗ್ಯಾರ' ಎಂದು ಬಿಟ್ಟು ಬರುತ್ತಾರೆ. ತಿರುಗಬೇಕಿಲ್ಲ! ಹಳೆಯ 1986ರ ಕಾಯ್ದೆಯಲ್ಲಿ ಎದುರುದಾರ ಇರುವ ಕಡೆ ಅಥವಾ ವ್ಯಾಜ್ಯಕ್ಕೆ ಕಾರಣ ಹುಟ್ಟಿದ ಕಡೆ ದೂರು ಹಾಕಬೇಕಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಅದನ್ನು ಬದಲಿಸಿತು: ದೂರುದಾರ ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ಆಯೋಗವೂ ದೂರು ತೆಗೆದುಕೊಳ್ಳಬೇಕು. ಅಂದರೆ ಬೇಕಲದ ಲಾಡ್ಜಿನ ಮಾಲೀಕರು ರಾಯಚೂರಿನ ಆಯೋಗಕ್ಕೆ ಉತ್ತರ ಕೊಡಬೇಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಗಡುವು 2 ವರ್ಷ. ಬೇಕಾದದ್ದು ಪುರಾವೆ: ಬುಕಿಂಗ್ ಸಂದೇಶ, ಯುಪಿಐ ರಸೀದಿ, ರೂಮಿನ ಫೋಟೋ, ಬಿಲ್ಲು. 'ಬಿಲ್ ಇಲ್ಲದಿದ್ರ ನೂರು ಕಡಿಮಿ' ಎನ್ನುವ ಆಸೆಗೆ ಬಿದ್ದವರ ದೂರು ಅಲ್ಲೇ ಅರ್ಧ ಸೋತಿರುತ್ತದೆ. ಹೋಟೆಲ್ ಬಿಲ್ಲಿನಲ್ಲಿ ತಾನಾಗಿ ಸೇರಿಕೊಂಡ ಸೇವಾ ಶುಲ್ಕವನ್ನು ತೆಗೆಸಬಹುದು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಅದು ಕಡ್ಡಾಯವಲ್ಲ ಎಂದಿದೆ. ದೂರಿಗೆ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ, ಎಷ್ಟೋ ತಕರಾರು ಅಲ್ಲೇ ಮುಗಿಯುತ್ತವೆ.

ಬ್ಯಾಗು ಕಳುವಾದರೆ? ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರಂತೆ ಅಪರಾಧ ಎಲ್ಲಿ ನಡೆದದ್ದಾದರೂ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬೇಕು. ಕಾಸರಗೋಡಿನಲ್ಲಿ ಕಳೆದದ್ದು ರಾಯಚೂರಿಗೆ ಬಂದ ಮೇಲೆ ಗೊತ್ತಾದರೆ ಇಲ್ಲಿನ ಠಾಣೆಯೇ ಬರೆದುಕೊಂಡು ಅಲ್ಲಿಗೆ ಕಳಿಸುತ್ತದೆ. ಬಾಯಲ್ಲಿ ಹೇಳಿದ್ದನ್ನು ಬರೆದು ಓದಿ ಹೇಳಬೇಕೆಂದು ಅದೇ ಕಲಂ ಹೇಳುತ್ತದೆ. ಮಲಯಾಳದಲ್ಲಿ ಬರೆದಿದ್ದರೆ ಅರ್ಥವಾಗುವ ಭಾಷೆಯಲ್ಲಿ ಹೇಳಿಸಿಕೊಳ್ಳದೆ ಸಹಿ ಹಾಕಬೇಡಿ. ಎಫ್‌ಐಆರ್ ಪ್ರತಿ ಪುಕ್ಕಟೆ. ಯಾರನ್ನಾದರೂ ಬಂಧಿಸಿದರೆ ಕಾರಣವನ್ನು ಆತನಿಗೆ ತಿಳಿಯುವ ಭಾಷೆಯಲ್ಲೇ ಬರೆದುಕೊಡಬೇಕೆಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದೆ. ಹಣವಿಲ್ಲವೆಂದು ವಕೀಲರಿಲ್ಲದೆ ಕೂರಬೇಕಿಲ್ಲ. ಉಚಿತ ಕಾನೂನು ನೆರವಿನ ಸಂಖ್ಯೆ 15100. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರು ಆದಾಯದ ಲೆಕ್ಕ ಕೊಡಬೇಕಾಗಿಲ್ಲ.

ಮಂಗಳೂರಿನಿಂದ ರೈಲು ಹಿಡಿಯುವ ಅಕ್ಕ-ತಂಗಿಯರಿಗೆ ಇನ್ನೊಂದು ಮಾತು. ಟಿಕೆಟ್ ಇಲ್ಲದಿದ್ದರೂ, ಜೊತೆಗೆ ಗಂಡಸರಿಲ್ಲದ ಹೆಣ್ಣುಮಗಳನ್ನು ರಾತ್ರಿ ಹೊತ್ತು ಗಾಡಿಯಿಂದ ಇಳಿಸುವಂತಿಲ್ಲ. ರೈಲ್ವೆ ಕಾಯ್ದೆಯ 139ನೇ ಕಲಂ. ದಂಡದಿಂದ ಮಾತ್ರ ವಿನಾಯಿತಿ ಇಲ್ಲ. ರೈಲ್ವೆ ಸಹಾಯವಾಣಿಯ ಸಂಖ್ಯೆಯೂ 139, ನೆನಪಿಡಲು ಸುಲಭ.

ಗಂಡಸರಿಗೂ ಒಂದು: ಇಲ್ಲಿನ ಬಾಟಲಿಯನ್ನು ಸೀಟಿನ ಕೆಳಗಿಟ್ಟು ತಲಪಾಡಿ ದಾಟಿಸಬೇಡಿ. ಕೇರಳದ ಅಬಕಾರಿಯವರು ಮಂಜೇಶ್ವರದ ಕಡೆ ಗಾಡಿ ತಡೆದರೆ ಆ ಪ್ರಕರಣಕ್ಕೆ ಮಾತ್ರ ನೀವು ಕಾಸರಗೋಡಿನ ಕೋರ್ಟಿಗೇ ಅಲೆಯಬೇಕು.