ಬೈಕಿನಲ್ಲಿ ಕಾಲು ಜುಮ್ಮೆನ್ನುವುದು ಏಕೆ?

ನಮ್ಮ ಚಿಕ್ಕಪ್ಪ ಹಳೆ ಬೈಕಿನಲ್ಲಿ ಸಾಗರದಿಂದ ಕುಂದಾಪುರಕ್ಕೆ ಹೊರಟಿದ್ದರು. ಹುಲಿಕಲ್ ಘಾಟಿಯ ತಿರುವಿನಲ್ಲಿ ಬ್ರೇಕು ಒತ್ತಲು ಹೋದರೆ, ಬಲಗಾಲು ಪೆಡಲ್ ಮೇಲಿದೆಯೋ ಇಲ್ಲವೋ ಗೊತ್ತೇ ಆಗಲಿಲ್ಲವಂತೆ. ಕಾಲು ಅಷ್ಟು ಜುಮ್ಮು ಹಿಡಿದಿತ್ತು. ಮುಂದಿನ ಬ್ರೇಕು ಹಿಡಿದು ಹೇಗೋ ನಿಲ್ಲಿಸಿದರು.

ಇದಕ್ಕೆ ಕಾರಣವೇನು? ಬೈಕಿಗೆ ಎರಡು ಬಗೆಯ ನಡುಕ ಇರುತ್ತದೆ. ರಸ್ತೆಯ ಗುಂಡಿಯಿಂದ ಬರುವುದು ದೊಡ್ಡ ನಡುಕ. ಅದನ್ನು ಸ್ಪ್ರಿಂಗು ತಡೆಯುತ್ತದೆ. ಇಂಜಿನ್ನಿನದು ಸಣ್ಣ ನಡುಕ, ಆದರೆ ಬಹಳ ವೇಗ. ಇಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಪಿಸ್ಟನ್ ಸೆಕೆಂಡಿಗೆ 50 ಸಲ ಮೇಲೆ ಕೆಳಗೆ ಓಡುತ್ತದೆ. ಆ ಕುಲುಕಾಟ ಫ್ರೇಮಿನ ಮೂಲಕ ಫುಟ್‌ರೆಸ್ಟಿಗೆ ಬಂದು ಪಾದಕ್ಕೆ ತಾಗುತ್ತದೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳಲ್ಲಿ ಹೆಚ್ಚಿನವಕ್ಕೆ ಒಂದೇ ಪಿಸ್ಟನ್. ಒಂಟಿ ಪಿಸ್ಟನ್ನಿನ ಕುಲುಕಾಟವನ್ನು ಎದುರಿಗೆ ಸರಿದೂಗಿಸಲು ಇನ್ನೊಂದು ಪಿಸ್ಟನ್ ಇರುವುದಿಲ್ಲ. ಅದಕ್ಕೇ 2020ರಲ್ಲಿ ಬಂದ ಮೀಟಿಯೊರ್ 350ರಂತಹ ಬೈಕಿನ ಇಂಜಿನ್ನಿನೊಳಗೆ ಬ್ಯಾಲೆನ್ಸರ್ ಎಂಬ ತೂಕದ ದಂಡ ಇಟ್ಟಿದ್ದಾರೆ. ಅದು ಎದುರು ದಿಕ್ಕಿಗೆ ತಿರುಗಿ ನಡುಕವನ್ನು ಕಡಿಮೆ ಮಾಡುತ್ತದೆ.

ಒಂದು ಪ್ರಯೋಗ ಮಾಡಿ. ಮಿಕ್ಸಿ ಓಡುವಾಗ ಅದೇ ಮೇಜಿನ ಮೇಲೆ ಸ್ಟೀಲ್ ಲೋಟವನ್ನು ತಟ್ಟೆಯಲ್ಲಿಡಿ. ಗಲಗಲ ಎನ್ನುತ್ತದೆ. ತಟ್ಟೆಯ ಅಡಿಗೆ ಹಳೆ ಸೈಕಲ್ ಟ್ಯೂಬನ್ನು ಮಡಚಿ ಇಟ್ಟರೆ ಸದ್ದು ಕಡಿಮೆಯಾಗುತ್ತದೆ. ನಾನು ಮಾಡಿ ನೋಡಿದ್ದೇನೆ. ರಬ್ಬರು ತಾನು ಅದುಮಿಕೊಂಡು ನಡುಕವನ್ನು ನುಂಗುತ್ತದೆ. ಫುಟ್‌ರೆಸ್ಟಿನ ರಬ್ಬರಿನ ಕೆಲಸವೂ ಇದೇ.

ಹಾಗಾದರೆ ಏನು ಮಾಡಬೇಕು?

1. ಮೊದಲು ಇಂಜಿನ್ ಮತ್ತು ಫುಟ್‌ರೆಸ್ಟಿನ ಬೋಲ್ಟು ಸಡಿಲವಾಗಿದೆಯೇ ಎಂದು ಮೆಕ್ಯಾನಿಕ್ಕಿಗೆ ತೋರಿಸಬೇಕು.
2. ಬಿಸಿಲಿಗೆ, ಎಣ್ಣೆಗೆ ರಬ್ಬರು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಅಂಥದ್ದನ್ನು ಬದಲಿಸಬೇಕು.
3. ತೀರಾ ಮೆತ್ತಗಿನ ರಬ್ಬರು ಬೇಡ. ಕಾಲು ಅಲ್ಲಾಡುತ್ತದೆ. ಬಟ್ಟೆ ಸುತ್ತುವುದೂ ಬೇಡ, ಮಳೆಗಾಲದಲ್ಲಿ ಜಾರುತ್ತದೆ.
4. ಹವಾಯಿ ಚಪ್ಪಲಿ ಬಿಟ್ಟು ದಪ್ಪ ಅಟ್ಟೆಯ ಬೂಟು ಹಾಕಬೇಕು.
5. ನಡುನಡುವೆ ಬೈಕು ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಯಬೇಕು.

ಚಿಕ್ಕಪ್ಪ ರಬ್ಬರು ಹಾಕಿಸಿ ಬೋಲ್ಟು ಬಿಗಿ ಮಾಡಿಸಿದರು. ನಡುಕ ಪೂರ್ತಿ ಹೋಗಲಿಲ್ಲ, ಕಡಿಮೆಯಾಯಿತು. ಈಗ ಘಾಟಿ ಇಳಿಯುವ ಮುಂಚೆ ನಗರದ ಕೋಟೆ ಹತ್ರ ಹತ್ತು ನಿಮಿಷ ನಿಲ್ಲುತ್ತಾರೆ. ನಿಮ್ಮ ಮನೆಯ ಬೈಕಿನ ಫುಟ್‌ರೆಸ್ಟ್ ರಬ್ಬರನ್ನು ಇವತ್ತೇ ಸಂಜೆ ಉಗುರಿನಿಂದ ಒತ್ತಿ ನೋಡಿ. ಕಲ್ಲಿನ ಹಾಗಿದ್ದರೆ ಅಪ್ಪನಿಗೆ ಹೇಳಿ.