ಕಲ್ಲನ್ನು ಓದುವುದು ಹೇಗೆ?

ಗೆಳೆಯರೇ, ಹಂಪಿ ಪ್ರವಾಸಕ್ಕೆ ಹೋದವರು ಕಮಲಾಪುರದ ವಸ್ತುಸಂಗ್ರಹಾಲಯವನ್ನೂ ನೋಡಿ ಬರುತ್ತಾರೆ. ಮೊದಲು ಹಂಪಿಯ ಗಜಶಾಲೆಯಲ್ಲಿ ಇಟ್ಟಿದ್ದ ಶಿಲ್ಪಗಳನ್ನು 1972ರಲ್ಲಿ ಅಲ್ಲಿಗೆ ತಂದರು. ಅಲ್ಲಿ ವೀರಗಲ್ಲು, ಮಾಸ್ತಿಕಲ್ಲುಗಳೂ ಇವೆ. ಎಷ್ಟೋ ಜನ "ಏನೋ ಹಳೇ ಕಲ್ಲು" ಅಂತ ಮುಂದೆ ಹೋಗಿಬಿಡುತ್ತಾರೆ. ಆದರೆ ಓದಲು ಬಂದರೆ ಆ ಕಲ್ಲು ಒಂದು ಕಥೆಯನ್ನೇ ಹೇಳುತ್ತದೆ.

ವೀರಗಲ್ಲನ್ನು ಪುಸ್ತಕದಂತೆ ಮೇಲಿನಿಂದ ಓದಬಾರದು, ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಅದರಲ್ಲಿ ಮೂರು ಅಂಕಣಗಳಿರುತ್ತವೆ.

1. ಕೆಳಗಿನದು: ಕಾಳಗ. ಇಲ್ಲಿ ದನಗಳಿದ್ದರೆ ಕಳ್ಳರಿಂದ ಊರ ದನ ಬಿಡಿಸಲು ಹೋಗಿ ಸತ್ತವನ ಕಲ್ಲು ಎಂದು ತಿಳಿಯಬಹುದು. ಇದಕ್ಕೆ ತುರುಗೊಳ್ ಕಾಳಗ ಎನ್ನುತ್ತಾರೆ.
2. ನಡುವಿನದು: ದೇವಕನ್ಯೆಯರು ವೀರನನ್ನು ಸ್ವರ್ಗಕ್ಕೆ ಒಯ್ಯುವುದು.
3. ಮೇಲಿನದು: ವೀರ ದೇವರ ಸನ್ನಿಧಿಯಲ್ಲಿರುವುದು. ಶಿವಲಿಂಗವಿದ್ದರೆ ಅವನು ಶಿವಭಕ್ತ, ಕುಳಿತ ಜಿನನಿದ್ದರೆ ಜೈನ.

ತುದಿಯಲ್ಲಿ ಸೂರ್ಯ, ಚಂದ್ರರು. ಅವರು ಇರುವ ತನಕ ಇವನ ಕೀರ್ತಿ ಇರಲಿ ಎಂದು ಅದರ ಅರ್ಥ.

ಚಿತ್ರದ ಜೊತೆ ಅಕ್ಷರವೂ ಇದ್ದರೆ ಇನ್ನೂ ಹೆಚ್ಚು ತಿಳಿಯುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಅದು ಸುಮಾರು ಕ್ರಿ.ಶ. 949ರದು. ಅದರಲ್ಲಿ ಒಂದು ನಾಯಿ ಹಂದಿಯ ಮೇಲೆ ಬಿದ್ದಿದೆ. ಬರೀ ಚಿತ್ರ ನೋಡಿದರೆ "ಬೇಟೆ" ಅಂತೀವಿ, ಅಷ್ಟೇ. ಶಾಸನ ಓದಿದರೆ ನಾಯಿಯ ಹೆಸರು ಕಾಳಿ, ಒಡೆಯ ಮಣಲೆರನೆಂಬ ವೀರ, ನಾಯಿಯೂ ಹಂದಿಯೂ ಕಾದಾಡಿ ಎರಡೂ ಸತ್ತವು ಎಂದು ತಿಳಿಯುತ್ತದೆ.

ಇನ್ನು ಮಾಸ್ತಿಕಲ್ಲು ನೋಡಿರಿ. ಒಂದು ಕಂಬದಿಂದ ಹೊರಟ ಕೈ, ಮೊಣಕೈಯಲ್ಲಿ ಮಡಚಿ ಮೇಲೆದ್ದಿರುತ್ತದೆ. ಕೈತುಂಬ ಬಳೆ. ಗಂಡ ಸತ್ತಾಗ ಅವನೊಡನೆ ಪ್ರಾಣ ಬಿಟ್ಟ ಹೆಣ್ಣಿನ ಗುರುತು ಅದು. ಬಳೆ ಒಡೆದಿಲ್ಲ, ಅಂದರೆ ಅವಳು ಮುತ್ತೈದೆಯಾಗಿಯೇ ಹೋದಳು ಎಂದು ಕಲ್ಲು ಹೊಗಳುತ್ತದೆ. ಆದರೆ ಅವಳಿಗೆ ಇಷ್ಟವಿತ್ತೇ, ಅವಳ ವಯಸ್ಸೆಷ್ಟು, ಮಕ್ಕಳಿದ್ದವೇ? ಅದನ್ನು ಕಲ್ಲು ಹೇಳುವುದಿಲ್ಲ. ಎಷ್ಟೋ ಮಾಸ್ತಿಕಲ್ಲುಗಳಲ್ಲಿ ಅವಳ ಹೆಸರೂ ಇಲ್ಲ. ಸಾವಿರ ವರ್ಷದ ಹಿಂದಿನ ನಾಯಿಯ ಹೆಸರು ನಮಗೆ ಗೊತ್ತು, ಈ ತಾಯಿಯ ಹೆಸರು ಗೊತ್ತಿಲ್ಲ! ನಮ್ಮ ಬಳ್ಳಾರಿ ಸೀಮೆ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, 1830ರಲ್ಲಿ, ಆ ಪ್ರಾಂತ್ಯದಲ್ಲಿ ಸತಿ ಪದ್ಧತಿಯನ್ನು ಕಾನೂನಿನಿಂದ ನಿಲ್ಲಿಸಿದರು.

ಆದ್ದರಿಂದ ಹಳೆಯ ವಸ್ತುವಿನ ಮುಂದೆ ನಿಂತಾಗ ಮೂರು ಪ್ರಶ್ನೆ ಕೇಳಿರಿ. ಇದರಲ್ಲಿ ಏನು ಕಾಣುತ್ತದೆ? ಇದು ಯಾವ ಊರಿನದು? ಇದು ಏನನ್ನು ಹೇಳದೆ ಬಿಟ್ಟಿದೆ?

ಎರಡನೇ ಪ್ರಶ್ನೆ ಬಹಳ ಮುಖ್ಯ. ಆತಕೂರಿನ ಕಲ್ಲು ಬೆಂಗಳೂರಿಗೆ ಹೋದರೂ ಅದರ ಊರು ಬರೆದಿಟ್ಟಿದ್ದಾರೆ. ಊರು ಮರೆತುಹೋದ ಕಲ್ಲಿನ ಅರ್ಧ ಕಥೆ ಹೋದಂತೆಯೇ.

ಮಾಡಿ ನೋಡಿರಿ: ಗುಡಿಯ ಹತ್ತಿರವೋ ಹೊಲದ ಬದುವಿನಲ್ಲೋ ಇಂಥ ಕಲ್ಲು ಕಂಡರೆ ಅದರ ಮೇಲೆ ಕುಡಗೋಲು ಮಸೆಯಬೇಡಿ, ಬಣ್ಣ ಬಳಿಯಬೇಡಿ, ಕೀಳಬೇಡಿ. ನೋಟುಬುಕ್ಕಿನಲ್ಲಿ ಅದರ ಚಿತ್ರ ಬರೆದು, ಅದು ಎಲ್ಲಿದೆ, ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಗುರುತು ಹಾಕಿ ಗುರುಗಳಿಗೆ ತೋರಿಸಿರಿ. ಅದರ ಬಗ್ಗೆ ಅಜ್ಜ, ಅಜ್ಜಿ ಏನು ಹೇಳುತ್ತಾರೆ ಎಂಬುದನ್ನೂ ಕೇಳಿ ಬರೆಯಿರಿ.